ಇಸ್ಪೀಟಿಗೆ ಮುತ್ತಿದ ಇರುವೆ

ಇದು ನಡೆದದ್ದು. ಮಸ್ಕಿ ಮಲ್ಲಯ್ಯನ ಆಣೆ, ನಡೆದದ್ದು. ಒಂದಕ್ಷರ ಸುಳ್ಳಿದ್ದರೂ ಗುಡ್ಡದ ಮೇಲಿನ ದೊಡ್ಡ ಬಂಡೆ ಉರುಳಿ ಬಂದು ನಾನು ಕೂತ ಈ ಕಟ್ಟೆಯ ಮೇಲೆಯೇ ನಿಲ್ಲಲಿ. ಎಫ್‌ಐಆರ್ ಇದೆ, ಎರಡು ಪಂಚನಾಮೆ ಇವೆ, ಸಹಿ ಇದೆ, ಹೆಬ್ಬೆಟ್ಟಿದೆ. ಇರುವೆಗಳೂ ಇದ್ದವು. ಅವುಗಳನ್ನು ಮಾತ್ರ ಈಗ ಕರೆದು ತೋರಿಸಲಾರೆ.

2025ರ ಜುಲೈ 28, ಸೋಮವಾರ. ನಾಗರಪಂಚಮಿಯ ಹಿಂದಿನ ದಿನ. ಮಸ್ಕಿಯ ಗುಡ್ಡದ ಓಣಿ ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಶೈಲಜಾ ಮುಖ ಗಂಟು ಹಾಕಿಕೊಂಡು ಕೂತಿದ್ದರು. ಪಂಚಮಿಗೆ ತವರಿಗೆ ಹೋಗಲು ಎರಡು ದಿನ ರಜೆ ಕೇಳಿದ್ದರು. ಹನ್ನೊಂದೂವರೆಗೆ ರಜೆ ರದ್ದಾದ ಕಾಗದ ಬಂದಿತ್ತು. ಅವರ ಸಿಟ್ಟಿಗೆ ಠಾಣೆಯ ಫ್ಯಾನು ಕೂಡ ಸಪ್ಪಳ ಮಾಡದೆ ತಿರುಗುತ್ತಿತ್ತು.

ಹನ್ನೆರಡು ಹತ್ತಕ್ಕೆ ಪಕೀರಮ್ಮ ಎಂಬ ಹೆಂಗಸು ಓಡಿ ಬಂದಳು. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

"ಮೇಡಂ, ನಮ್ಮ ಬಾಜೂ ಮನಿ ಇಸ್ಪೀಟ್ ಸಾಹುಕಾರನ ತಲಿ ಒಡದಾರ್ರೀ! ರಕ್ತ ಹೊಸ್ತಿಲಕ್ಕ ಬಂದಾದ!"

"ಯಾರು ಒಡದಾರ?"

"ಅದು ಗೊತ್ತಿದ್ರ ಅವರ ತಲಿ ನಾನ ಒಡದು ಬರ್ತಿದ್ದಿಲ್ಲೇನ್ರೀ?"

ಇಸ್ಪೀಟ್ ಸಾಹುಕಾರ ಎಂದರೆ ಸಿದ್ದಲಿಂಗೇಶ. ವಯಸ್ಸು ಮೂವತ್ತಾರು, ಕಸುಬು ಪೋಕರ್. ಅದು ಇಸ್ಪೀಟಿನದೇ ಒಂದು ಆಟ. ಕೈಯ ಎಲೆಗಿಂತ ಎದುರಿನವನ ಮುಖ ಓದುವುದೇ ಅದರಲ್ಲಿ ದೊಡ್ಡ ವಿದ್ಯೆ. ಆ ವಿದ್ಯೆಯನ್ನು ಅವನು ಕಲಿತದ್ದು ಸಿಂಧನೂರಿನ ದನದ ಸಂತೆಯಲ್ಲಿ, ಒಬ್ಬ ದಲಾಲಿಯ ಕೈಕೆಳಗೆ. ಅಲ್ಲಿ ಬೆಲೆ ಕುದುರುವುದು ಟವಲಿನ ಕೆಳಗೆ, ಬೆರಳು ಹಿಡಿದು. ಬೆರಳು ಯಾರಿಗೂ ಕಾಣುವುದಿಲ್ಲ, ಮುಖ ಕಾಣುತ್ತದೆ. ಟವಲಿನ ಕೆಳಗಿದ್ದದ್ದನ್ನು ಅವನು ಮುಖದ ಮೇಲೆ ಓದತೊಡಗಿದ. ಆಮೇಲೆ ಮೊಬೈಲಿನಲ್ಲಿ ಆಡಿದ, ಗೋವಾದ ಹಡಗಿನಲ್ಲಿ ಆಡಿದ, ವಿಯೆಟ್ನಾಮಿಗೆ ಹೋಗಿ ಗಾಜಿನ ಕಪ್ಪು ಗೆದ್ದು ತಂದ. ಮಸ್ಕಿಯಲ್ಲಿ ಮೆರವಣಿಗೆಯಾಯಿತು. ಅವತ್ತಿನಿಂದ ಹಾಲಿನ ಅಂಗಡಿಗೂ ಕರಿ ಕನ್ನಡಕ ಹಾಕಿಕೊಂಡೇ ಹೋಗುತ್ತಿದ್ದ. ಅವನ ಕೆನ್ನೆಯ ಮೇಲೆ ಕೂತ ನೊಣವೊಂದು, ಗೋಡೆಯ ಮೇಲೆ ಕೂತಿದ್ದೇನೆ ಎಂದುಕೊಂಡು ಅಲ್ಲೇ ಸಂಸಾರ ಹೂಡಿತ್ತಂತೆ. ಸಂತೆಕಲ್ಲೂರಿನ ಮೂವರು ಇದನ್ನು ಕಣ್ಣಾರೆ ಕಂಡಿದ್ದಾರೆ.

ಅಂಥವನ ತಲೆ ಒಡೆದಿತ್ತು. ಶೈಲಜಾ ಹೋಗುವಷ್ಟರಲ್ಲಿ ಅವನನ್ನು ಅಂಬುಲೆನ್ಸಿನಲ್ಲಿ ಲಿಂಗಸುಗೂರಿನ ಆಸ್ಪತ್ರೆಗೆ ಸಾಗಿಸಿದ್ದರು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಅದರ ಅಂಚಿಗೆ ರಕ್ತ. ಜಮಖಾನದ ಮೇಲೆ ನಾಲ್ಕು ಜನ ಕೂತು ಎದ್ದು ಹೋದ ಹಾಗೆ ಇಸ್ಪೀಟು ಎಲೆಗಳು ಹಂಚಿ ಬಿದ್ದಿದ್ದವು. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಶಿವಕುಮಾರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಕೈಗಳು ಒದ್ದೆಯಾಗಿದ್ದವು.

"ಏನಾತವ್ವಾ?"

"ಮೂರು ಮಂದಿ ಬಂದಿದ್ರು ರೀ. ಇವರ ಜೋಡಿ ಎಲಿ ಆಡಾಕತ್ತಿದ್ರು. ನಾ ಹಿತ್ತಲದಾಗ ಅರಬಿ ಒಗ್ಯಾಕತ್ತಿದ್ದೆ. ದಡ್ ಅಂತ ಸಪ್ಪಳಾತು. ಬಂದು ನೋಡೂದ್ರೊಳಗ ಯಾರೂ ಇದ್ದಿಲ್ಲ."

"ಯಾರವರು?"

"ಮಾರಿ ನೋಡಿಲ್ರಿ."

ಹೆಡ್ ಕಾನ್‌ಸ್ಟೇಬಲ್ ಕನಕರಾಯ ಪಂಚನಾಮೆಗೆ ಕೂತ. ಕನಕರಾಯ ಪಂಚನಾಮೆ ಬರೆದರೆ ಮನೆಯ ಹಲ್ಲಿಯ ಬಾಲದ ಉದ್ದವೂ ಅದರಲ್ಲಿ ಬರುತ್ತದೆ ಎಂದು ಇಡೀ ಠಾಣೆ ನಗುತ್ತಿತ್ತು. ಕಾನ್‌ಸ್ಟೇಬಲ್ ಸಂಗನಬಸವ ಮೊಬೈಲಿನಲ್ಲಿ ವಿಡಿಯೊ ಹಿಡಿದ. ಕನಕರಾಯ ಗಟ್ಟಿಯಾಗಿ ಓದುತ್ತ ಬರೆದ: "ಜಮಖಾನ ಒಂದು. ಕರಿ ಕನ್ನಡಕ ಒಂದು, ಗಾಜು ಒಡೆದಿಲ್ಲ. ಇಸ್ಪೀಟು ಎಲೆ ನಾಲ್ಕು ಕಡೆ ಮೂರು ಮೂರರಂತೆ ಹನ್ನೆರಡು, ನಡುವೆ ನಲವತ್ತು. ಅಡುಗೆಮನೆಯಲ್ಲಿ ಪರಾತದಲ್ಲಿ ಬೆಲ್ಲದ ಪಾಕ ಹಾಕಿದ ಶೇಂಗಾಪುಡಿ, ಇನ್ನೂ ಬೆಚ್ಚಗಿದೆ. ಕಟ್ಟಿದ ಉಂಡಿ ಹನ್ನೊಂದು. ಕುಟ್ಟುವ ಕಲ್ಲೊರಳು ಒಂದು, ಅದರ ಕುಟ್ಟಾಣಿ ಇಲ್ಲ. ಮುಚ್ಚಿದ ಸ್ಟೀಲಿನ ಡಬ್ಬಿ..."

"ಕನಕರಾಯಪ್ಪ, ಉಂಡಿ ಎಷ್ಟಿದ್ರ ನಮಗೇನ್ರಿ?" ಶೈಲಜಾ ಸಿಡುಕಿದರು.

"ಕಂಡದ್ದು ಬರೀಬೇಕ್ರಿ ಮೇಡಂ. ಇಲ್ಲಂದ್ರ ನಾಳಿಗೆ ವಕೀಲ ಕೇಳ್ತಾನ."

ಪಕೀರಮ್ಮ ಪಂಚಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದಳು. ಎಲೆಗಳನ್ನು ಕಾಗದದ ಲಕೋಟೆಗೆ ಹಾಕಿ ಅರಗಿನಿಂದ ಮೊಹರು ಮಾಡಿದರು.

ಮೂರು ಗಂಟೆಗೆ ಲಿಂಗಸುಗೂರಿನ ಆಸ್ಪತ್ರೆ. ಸಿದ್ದಲಿಂಗೇಶನ ತಲೆಗೆ ಆರು ಹೊಲಿಗೆ ಬಿದ್ದಿದ್ದವು. ಎಚ್ಚರವಿತ್ತು. ಮುಖದಲ್ಲಿ ನೋವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಿಳಿ ಸುಣ್ಣ ಹೊಡೆದ ಗೋಡೆಯಂತೆ ಇತ್ತು.

"ಮೂರು ಮಂದಿ ನಿಮ್ಮ ಜೋಡಿ ಎಲಿ ಆಡಾಕ ಬಂದಿದ್ರು ಅಂತ ನಿಮ್ಮ ಮನಿಯವರು ಹೇಳ್ಯಾರ. ಯಾರವರು?"

ಎಲೆಯ ಮೂಲೆ ಎತ್ತಿ ನೋಡುವವನಂತೆ ಅವನು ಹೊದಿಕೆಯ ಅಂಚನ್ನು ಹೆಬ್ಬೆರಳಿಂದ ಎತ್ತಿ ಬಿಟ್ಟ.

"ರಹಿಮಾನ್. ಸಿಂಧನೂರಿನ ಕಾರ್ ಡ್ರೈವರ್. ಉಳದ ಇಬ್ಬರನ್ನ ಅವನ ಕರಕೊಂಡು ಬಂದಿದ್ದ. ಹೆಸರು ಗೊತ್ತಿಲ್ಲ."

"ಹೊಡದವರು?"

"ರಹಿಮಾನ್. ಹಿಂದಿನಿಂದ."

ರಹಿಮಾನನ ವಿಷಯ ಊರಿಗೆಲ್ಲ ಗೊತ್ತಿತ್ತು. ನಾಲ್ಕು ವರ್ಷ ಸಿದ್ದಲಿಂಗೇಶನನ್ನು ಗೋವಾಕ್ಕೆ ಕಾರಿನಲ್ಲಿ ಒಯ್ದವನು ಅವನೇ. ಹೋದ ತಿಂಗಳು ಸಿಂಧನೂರಿನ ಚಹಾದಂಗಡಿಯಲ್ಲಿ ಕೂತು, "ನಮ್ಮ ಸಾಹುಕಾರ ಆಟಕ್ಕ ಕೂಡೂಕಿಂತ ಮೊದಲು ಮೂರು ಸಲ ವಾಂತಿ ಮಾಡ್ತಾನ" ಎಂದುಬಿಟ್ಟಿದ್ದ. ಸಂಜೆಯೊಳಗೆ ಆ ಮಾತು ಮಸ್ಕಿ ದಾಟಿ ಮುದಗಲ್ ಮುಟ್ಟಿತ್ತು. ಕಲ್ಲು ಮುಖದ ಹಿಂದೆ ವಾಂತಿ ಇದೆ ಎಂದು ಮೂರು ಊರು ಹೊಟ್ಟೆ ಹಿಡಿದುಕೊಂಡು ನಕ್ಕವು. ಮರುದಿನವೇ ರಹಿಮಾನನ ಕೆಲಸ ಹೋಗಿತ್ತು. ಅಂದಮೇಲೆ ಹಗೆ ಇದ್ದೇ ಇತ್ತು. ಮೂರು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಬಿಎನ್‌ಎಸ್ ಕಲಂ 118(2), ಆಯುಧದಿಂದ ತೀವ್ರ ಗಾಯ.

ಸಿಂಧನೂರಿನ ಕಾರ್ ಸ್ಟ್ಯಾಂಡಿನಲ್ಲಿ ರಹಿಮಾನ್ ಸಿಕ್ಕ. ಓಡಲಿಲ್ಲ.

"ಮುಂಜಾನೆ ಎಲ್ಲಿದ್ದಿ?"

"ಮಸ್ಕ್ಯಾಗ ರೀ."

"ಎದಕ ಹೋಗಿದ್ದಿ?"

"ಬಾಡಿಗಿ ಇತ್ತು."

"ಯಾರ ಬಾಡಿಗಿ?"

ಸಿಂಧನೂರಿಗೇ ಸುದ್ದಿ ಹಂಚುವ ಬಾಯಿ ಮುಚ್ಚಿಕೊಂಡಿತು. ಶೈಲಜಾ ಅವನ ಮೊಬೈಲು ನೋಡಿದರು. ಮುಂಜಾನೆ ಒಂಬತ್ತು ನಲವತ್ತಕ್ಕೆ ಒಂದು ಕರೆ ಬಂದಿತ್ತು. ನಂಬರು ಶಿವಕುಮಾರಿಯದು.

"ಆ ಅಕ್ಕ ನಿನಗ ಯಾಕ ಫೋನ್ ಮಾಡಿದ್ಲು?"

"ನನ್ನ ಒಳಗ ಹಾಕ್ರಿ. ಹೆಣ್ಣುಮಗಳ ಹೆಸರು ನನ್ನ ಬಾಯಾಗ ಬರಂಗಿಲ್ಲ."

ನಾಲ್ಕು ನಲವತ್ತಕ್ಕೆ ದಸ್ತಗಿರಿ ಆಯಿತು. ಮರುದಿನ ನಾಲ್ಕು ನಲವತ್ತರೊಳಗೆ ಲಿಂಗಸುಗೂರಿನಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಅವನನ್ನು ಹಾಜರುಪಡಿಸಬೇಕು. ಅಲ್ಲಿಂದ ಜೈಲು. ಠಾಣೆಗೆ ಬರುವಷ್ಟರಲ್ಲಿ ಊರಿನ ಲೀಡರನೊಬ್ಬನ ಫೋನು.

"ಮೇಡಂ, ಸಿದ್ದಲಿಂಗೇಶ ನಮ್ಮೂರ ಹೆಮ್ಮಿ. ಆ ಡ್ರೈವರ್‌ನ ಹಬ್ಬದ ದಿನಾನ ಒಳಗ ಕಳಸ್ರಿ. ಕೇಸು ಕ್ಲಿಯರ್ ಅದ ಅಲ್ಲ?"

"ಕ್ಲಿಯರ್ ಅದನೋ ಇಲ್ಲೋ ನಾ ನೋಡ್ತೀನಿ," ಎಂದು ಶೈಲಜಾ ಫೋನು ಕುಕ್ಕಿದರು. ಅವರನ್ನು ಉರಿಸಿದ್ದು ಲೀಡರನ ಸೊಕ್ಕಲ್ಲ. ಕೇಸು ನಿಜಕ್ಕೂ ಕ್ಲಿಯರ್ ಇತ್ತು, ಆದರೂ ಎಲ್ಲೋ ಮುಳ್ಳು ಚುಚ್ಚುತ್ತಿತ್ತು.

ಆರು ಗಂಟೆಗೆ ರಹಿಮಾನನ ತಾಯಿ ಸರ್ದಾರಬಿ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತಳು. ಕೂತವಳು ಏಳಲಿಲ್ಲ.

"ನನ್ನ ಮಗ ಕೋಳಿ ಕೊಯ್ಯೋವಾಗ ಕಣ್ಣು ಮುಚ್ಚಿಕೋತಾನ. ಅಂವ ಮನಿಷ್ಯಾನ ತಲಿ ಒಡೀತಾನೇನು? ಯಾ ಅಲ್ಲಾ, ಇವರ ಕಣ್ಣಿಗೆ ಏನ್ ಬಡದಾದ!" ಆಮೇಲೆ ಕಂಬಿಯ ಕಡೆ ತಿರುಗಿದಳು. "ಲೇ ಹರಾಮಿ! ವಾಂತಿ ಸುದ್ದಿ ಊರೆಲ್ಲಾ ಹಂಚಿ ಬಂದಿ. ಈಗ ನಿನ್ನ ಬಾಯಿಗೆ ಏನಾಗ್ಯಾದ? ಹೇಳೋ, ಯಾಕ ಹೋಗಿದ್ದಿ ಮಸ್ಕಿಗೆ?"

ರಹಿಮಾನ್ ಗೋಡೆಯ ಕಡೆ ಮುಖ ತಿರುಗಿಸಿದ. ಸರ್ದಾರಬಿ ತನ್ನ ಚಪ್ಪಲಿ ತೆಗೆದು ಕಂಬಿಗೆ ಎಸೆದಳು. ಕನಕರಾಯ ಅದನ್ನು ಎತ್ತಿ, ಒರೆಸಿ, ಅವಳ ಕಾಲ ಬಳಿ ಇಟ್ಟು ಹೋದ.

ಮಂಗಳವಾರ, ಪಂಚಮಿ. ಮುಂಜಾನೆ ಏಳೂವರೆಗೆ ಶೈಲಜಾ ಠಾಣೆಗೆ ಕಾಲಿಡುತ್ತಿದ್ದಂತೆ ಕನಕರಾಯ ಕೂಗಾಡುತ್ತ ಬಂದ.

"ಮೇಡಂ, ಮುದ್ದೇಮಾಲಿಗೆ ಇರುವಿ ಹತ್ಯಾವ್ರೀ! ಇಪ್ಪತ್ತೆಂಟು ವರ್ಷದ ಸರ್ವಿಸ್‌ನಾಗ ಹಿಂಗಾಗಿದ್ದಿಲ್ಲ!"

ಮುದ್ದೇಮಾಲು ಎಂದರೆ ವಶಪಡಿಸಿಕೊಂಡ ವಸ್ತು. ಕಪಾಟಿನಲ್ಲಿ ಇಸ್ಪೀಟಿನ ಲಕೋಟೆಯ ಸುತ್ತ ಕೆಂಪಿರುವೆ ಸಾಲು ಕಟ್ಟಿತ್ತು. ಆ ಸಾಲು ಗುಡ್ಡದ ಮೇಲಿನ ಗುಡಿಯಿಂದ ಮೆಟ್ಟಿಲಿಳಿದು ಬಂದಿತ್ತೆಂದು ಹೇಳುವವರಿದ್ದಾರೆ. ನಾನು ಅಷ್ಟು ಹೇಳುವುದಿಲ್ಲ, ಪೇಟೆಯಿಂದ ಬಂದಿತ್ತು ಅಂತೀನಿ. ಇಬ್ಬರು ಪಂಚರ ಮುಂದೆ ಲಕೋಟೆ ಬಿಚ್ಚಿದರು. ನಡುವಿನ ನಲವತ್ತು ಎಲೆಗಳಲ್ಲಿ ಮೇಲಿನ ಒಂದೆರಡು ಬಿಟ್ಟರೆ ಉಳಿದವು ಒಣಗಿದ್ದವು. ಹಂಚಿದ್ದ ಹನ್ನೆರಡೂ ಎಲೆಗಳು ಅಂಟಂಟು. ಶೈಲಜಾ ಮೂಸಿದರು. ಬೆಲ್ಲ.

"ಎಲಿ ಹಂಚಿದವರ ಕೈಗೆ ಬೆಲ್ಲ ಇತ್ತು," ಎಂದರು. "ಕನಕರಾಯಪ್ಪ, ನಿನ್ನಿ ಪಂಚನಾಮೆ ಓದ್ರಿ."

ಕನಕರಾಯ ಎದೆ ಉಬ್ಬಿಸಿ ಓದಿದ. ನಾಲ್ಕು ಕಡೆ ಮೂರು ಮೂರರಂತೆ ಎನ್ನುವಾಗ ಕಾನ್‌ಸ್ಟೇಬಲ್ ಸಂಗನಬಸವ ಕೆಮ್ಮಿದ.

"ಮೇಡಂ, ಮೆಮೊ ಕೊಡಂಗಿಲ್ಲ ಅಂದ್ರ ಒಂದು ಮಾತು ಹೇಳ್ತೀನ್ರಿ."

"ಬೊಗಳು."

"ಪೋಕರಿನಾಗ ಕೈಗೆ ಎರಡ ಎಲಿ ರೀ. ಮೂರು ಹಾಕೂದು ತೀನ್ ಪತ್ತಿ."

"ನಿನಗ ಹೆಂಗ ಗೊತ್ತು?"

"ನಮ್ಮ ಹೆಂಡತಿ ತಮ್ಮ ಆಡ್ತಾನ್ರಿ."

"ನಿನಗ ಇನ್ನೂ ಮದಿವಿ ಆಗಿಲ್ಲಲ್ಲೋ!"

ಸಂಗನಬಸವ ಕ್ಯಾಲೆಂಡರ್ ನೋಡತೊಡಗಿದ. ಶೈಲಜಾ ನಗಲಿಲ್ಲ. ಮೂರೆಲೆಯ ಆಟ ಅವರಿಗೂ ಗೊತ್ತಿತ್ತು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡಿ ದಣಿದು, ಮಧ್ಯಾಹ್ನ ಅಣ್ಣತಮ್ಮಂದಿರ ಜೊತೆ ಶೇಂಗಾಬೀಜ ಪಣಕ್ಕಿಟ್ಟು ಆಡುವುದು ಅದನ್ನೇ. ಉಂಡಿ ಕಟ್ಟಿದ ಕೈ, ಪಂಚಮಿಯ ಆಟ. ಆ ಜಮಖಾನದ ಮೇಲೆ ಯಾವ ಪೋಕರ್ ಆಟಗಾರನೂ ಎಲೆ ಹಂಚಿರಲಿಲ್ಲ.

ಆಮೇಲೆ ತಮ್ಮ ತಪ್ಪು ನೆನಪಾಗಿ ಅವರಿಗೆ ಮೈಯೆಲ್ಲ ಉರಿಯಿತು. ಮೂವರು ಬಂದಿದ್ದರು ಎಂದು ಆಸ್ಪತ್ರೆಯಲ್ಲಿ ಸಿದ್ದಲಿಂಗೇಶನಿಗೆ ಮೊದಲು ಹೇಳಿದ್ದು ತಾವೇ. ಅವನು ಆ ಮಾತಿಗೆ ಒಂದು ಹೆಸರು ಪೋಣಿಸಿದ್ದ, ಅಷ್ಟೆ. ಒಬ್ಬನ ಬಾಳು ಹಾಳು ಮಾಡಲು ಬೇಕಾದ ಎಲೆಯನ್ನು ತಾವೇ ಕೈಯಾರೆ ಅವನಿಗೆ ಕೊಟ್ಟಂತಾಗಿತ್ತು.

ಹತ್ತೂವರೆಗೆ ಮತ್ತೆ ಲಿಂಗಸುಗೂರು. ಸಿದ್ದಲಿಂಗೇಶ ದಿಂಬಿಗೊರಗಿ ಕೂತಿದ್ದ. ಪಕ್ಕದಲ್ಲಿ ಎದೆಬಡಿತ ತೋರಿಸುವ ಮಷೀನು ಟಿಕ್, ಟಿಕ್ ಎನ್ನುತ್ತಿತ್ತು. ಎಪ್ಪತ್ತೆರಡು.

"ನಾಕು ಮಂದಿ ಆಡಾಕತ್ತಿದ್ರಿ. ಎಲಿ ಯಾರು ಹಂಚಿದ್ರು?"

"ನಾನ."

"ಒಬ್ಬೊಬ್ಬರಿಗೆ ಎಷ್ಟು?"

ಅವನು ಮಸ್ಕಿಯ ಪೊಲೀಸರ ತಿಳಿವಳಿಕೆಗೆ ಮರುಗಿದವನಂತೆ ಹೇಳಿದ: "ಎರಡು. ಪೋಕರಿನಾಗ ಎರಡ ಇರ್ತಾವ ಮೇಡಂ. ಒಂಬತ್ತು ವರ್ಷದಿಂದ ಅದನ್ನ ಮಾಡಾಕತ್ತೀನಿ."

"ನಿಮ್ಮ ಜಮಖಾನದ ಮ್ಯಾಲ ಮೂರು ಮೂರು ಇದ್ವಲ್ಲ?"

ಮುಖ ಅಲುಗಲಿಲ್ಲ. ರೆಪ್ಪೆ ಅಲುಗಲಿಲ್ಲ. ಆದರೆ ಮಷೀನಿಗೆ ಪೋಕರ್ ಗೊತ್ತಿರಲಿಲ್ಲ. ಟಿಕ್‌ಟಿಕ್‌ಟಿಕ್ ಎಂದು ಓಡತೊಡಗಿತು. ತೊಂಬತ್ತೆಂಟು. ನೂರಾ ಹನ್ನೆರಡು.

"ಆಮ್ಯಾಲ ತೀನ್ ಪತ್ತಿ ಹಾಕಿದ್ವಿ."

"ಈಗಷ್ಟ ಎರಡು ಅಂದ್ರಿ."

ಅವನ ಕೈ ಕರಿ ಕನ್ನಡಕ ಹುಡುಕುತ್ತ ದಿಂಬಿನ ಕೆಳಗೆ ಹೋಯಿತು.

"ಅಡಿಗಿಮನಿ ಒರಳಿನ ಕುಟ್ಟಾಣಿ ಎಲ್ಲಿ ಹೋತು?"

ನೂರಾ ಮೂವತ್ತು. ನರ್ಸ್ ಓಡಿ ಬಂದಳು. "ಪೇಷಂಟ್‌ಗೆ ಏನು ಕೇಳಿದ್ರಿ ಮೇಡಂ?"

"ಎಣಿಕಿ ಕೇಳಿದೆವ್ವಾ," ಎಂದು ಶೈಲಜಾ ಎದ್ದರು. ಬಾಗಿಲಲ್ಲಿ ತಿರುಗಿ ನಿಂತರು. "ಅಲ್ಲೋ ಸಾಹುಕಾರ, ಹೊಡದವರು ಯಾರಂತ ನಿನಗ ಗೊತ್ತು. ಹೆಂಡತಿ ಕೈಲೆ ಹೊಡತ ತಿಂದೆ ಅಂತ ಹೇಳಾಕ ನಾಚಿಕಿ. ಅದಕ್ಕ ಒಬ್ಬ ಬಡವನ ಕುತ್ತಿಗಿ ಹಿಚುಕಾಕ ಹತ್ತೀಯಲ್ಲ!"

ಮಷೀನಿನ ಸಾಕ್ಷಿ ಕೋರ್ಟಿನಲ್ಲಿ ನಡೆಯುವುದಿಲ್ಲ. ಗಂಟೆ ಹನ್ನೊಂದಾಗಿತ್ತು. ರಹಿಮಾನನಿಗೆ ಉಳಿದದ್ದು ಐದು ಗಂಟೆ ನಲವತ್ತು ನಿಮಿಷ.

ಜೀಪು ಮಸ್ಕಿಗೆ ಬರುವ ದಾರಿಯುದ್ದಕ್ಕೂ ಬೇವಿನ ಮರಗಳಿಗೆ ಜೋಕಾಲಿ ಕಟ್ಟಿದ್ದರು. ಹೊಸ ಸೀರೆಯ ಹೆಣ್ಣುಮಕ್ಕಳು ಕೇಕೆ ಹಾಕುತ್ತ ಜೀಕುತ್ತಿದ್ದರು. ಶೈಲಜಾ ಮುಖ ಆ ಕಡೆ ತಿರುಗಿಸಲಿಲ್ಲ.

ಹನ್ನೆರಡೂಕಾಲಿಗೆ ಮನೆಯ ಶೋಧನೆ ಶುರುವಾಯಿತು. ಶಿವಕುಮಾರಿ ಅದೇ ಬಾಗಿಲಲ್ಲಿ, ನಿನ್ನೆಯ ಸೀರೆಯಲ್ಲೇ ನಿಂತಿದ್ದಳು. ಗೋವಾಕ್ಕೆ ಒಯ್ಯುವ ಕರಿ ಚೀಲದಲ್ಲಿ ಕನಕರಾಯನಿಗೆ ನೋಟ್‌ಬುಕ್ಕುಗಳು ಸಿಕ್ಕವು. ಒಂಬತ್ತು ವರ್ಷಕ್ಕೆ ಒಂಬತ್ತು. ಪ್ರತಿ ಪುಟಕ್ಕೆ ತಾರೀಖು, ಹತ್ತು ಪ್ರಶ್ನೆ, ಹತ್ತು ಉತ್ತರ, ಪಕ್ಕದಲ್ಲಿ "ನಿಜ" ಅಥವಾ "ಸುಳ್ಳು", ಅಂಚಿನಲ್ಲಿ "ಮೂಗು", "ಎಡಗಣ್ಣು", "ಗಂಟಲು". ಗೋವಾದ ಎದುರಾಳಿಗಳ ಲೆಕ್ಕವಿರಬೇಕು ಎಂದುಕೊಂಡು ಶೈಲಜಾ ಓದಿದರು.

"ಹಲ್ಲುನೋವು ಹೋಯಿತಾ? ಹೌದು. ಸುಳ್ಳು. ಎಡಗಣ್ಣು."

"ನನ್ನ ತಾಯಿಯ ಅಡಿಗೆ ಸೇರುತ್ತದಾ? ಹೌದು. ಸುಳ್ಳು. ಮೂಗು."

ಮೂರು ವರ್ಷ ಹಿಂದಿನ ಒಂದು ಪುಟ: "ಹೋದ ಕೂಸು ನೆನಪಾಗುತ್ತದಾ? ಇಲ್ಲ. ಸುಳ್ಳು. ಗಂಟಲು. ಶಭಾಷ್."

ಉತ್ತರ ಕೊಟ್ಟವಳು ಹೆಂಡತಿ, ಅವಳ ಮುಖ ಓದಿ ಆಟದ ವಿದ್ಯೆ ಮಸೆಯುತ್ತಿದ್ದವನು ಅವನು. ಆ ಶಭಾಷ್ ಅವನು ತನಗೇ ಕೊಟ್ಟುಕೊಂಡದ್ದು. ಶೈಲಜಾ ಪುಸ್ತಕ ಮುಚ್ಚಿದರು. ಒಂಬತ್ತನೆಯದನ್ನು ಎಳೆದುಕೊಂಡು ಹಿಂದಿನಿಂದ ತೆರೆದರು. ಕೊನೆಯ ಪುಸ್ತಕದ ಕೊನೆಯ ಪುಟಕ್ಕೆ ನಿನ್ನೆಯ ತಾರೀಖಿತ್ತು. ಹತ್ತರಲ್ಲಿ ಏಳು ಪ್ರಶ್ನೆಗೆ ನಿಂತಿತ್ತು. ಏಳನೆಯದರ ಕೆಳಗೆ ಪೆನ್ನು ಜಾರಿದ ಗೀಟು.

"ಸಂಗನಬಸವ, ಎಲಿ ಅದಾವೇನು?"

"ನನ್ನ ಹತ್ರ ಎಲ್ಲಿಂದ ಬರ್ತಾವ್ರೀ ಮೇಡಂ?" ಎಂದವನು ಅವರ ಕಣ್ಣು ನೋಡಿ ಪ್ಯಾಂಟಿನ ಜೇಬಿನಿಂದ ಒಂದು ಕಟ್ಟು ತೆಗೆದ.

"ನಿನ್ನ ಹೆಂಡತಿ ತಮ್ಮಂದೇನೋ?"

"ಹೌದ್ರೀ."

ಶೈಲಜಾ ಜಮಖಾನದ ಮೇಲೆ ಕೂತು ಶಿವಕುಮಾರಿಯನ್ನು ಎದುರಿಗೆ ಕೂರಿಸಿಕೊಂಡರು. "ನಾಕು ಮಂದಿಗೆ ಎಲಿ ಹಾಕವ್ವಾ. ನಿನ್ನ ಗಂಡ ಆಡೋ ಆಟ."

"ನಾ ಮುಟ್ಟಂಗಿಲ್ರಿ. ಹೆಂಗಸರು ಮುಟ್ಟಿದ್ರ ಎಲಿ ಮುನೀತಾವಂತ. ಮುಟ್ಟಗೊಟ್ಟಿಲ್ಲ ಅವರು."

"ನಾನೂ ಹೆಂಗಸ. ನಾ ಹೇಳಾಕತ್ತೀನಿ, ಹಾಕು."

ಅವಳು ಹಾಕಿದಳು. ಬೆರಳ ತುದಿಯಿಂದ, ಎಂದೋ ತವರಲ್ಲಿ ಕಲಿತ ಚಾಳಿಯಂತೆ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಮೂರಕ್ಕೆ ಕೈ ನಿಂತಿತು. ಕನಕರಾಯ ಪೆನ್ನು ಕೆಳಗಿಟ್ಟ.

"ಒಂಬತ್ತು ವರ್ಷ ಅವನ ಆಟಕ್ಕ ನಿನ್ನ ಮಾರಿ ಒಡ್ಡೀದಿ. ಆ ಆಟಕ್ಕ ಎಷ್ಟು ಎಲಿ ಅಂತ ಅವ ನಿನಗ ಹೇಳೂ ಇಲ್ಲ," ಎಂದರು ಶೈಲಜಾ. "ಎರಡವ್ವಾ. ಎರಡ."

ಶಿವಕುಮಾರಿ ಎಲೆಗಳನ್ನೇ ನೋಡಿದಳು.

"ರಹಿಮಾನ್ ಕಂಬಿ ಹಿಂದ ಕೂತಾನ. ಸಂಜಿಗೆ ಜೈಲು. ಅವನ ತಾಯಿ ನಿನ್ನಿಂದ ಮೆಟ್ಟಲದ ಮ್ಯಾಲ ಕೂತಾಳ. ನೀ ಅಂವಗ ಯಾಕ ಫೋನ್ ಮಾಡಿದ್ದಿ ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡವಲ್ಲ."

"ಹೇಳಲಿಲ್ಲೇನ್ರೀ ಅಂವ?"

"ಹೆಣ್ಣುಮಗಳ ಹೆಸರು ಬಾಯಾಗ ಬರಂಗಿಲ್ಲ ಅಂದ."

ಅಲ್ಲಿಯತನಕ ಒಣಗಿದ್ದ ಅವಳ ಮುಖ ಒಮ್ಮೆಲೇ ಕೆಂಪಗಾಯಿತು. "ತವರಿಗೆ ಒಯ್ಯಪ್ಪಾ ಅಂತ ಕರದಿದ್ದೆ ರೀ! ಮುದಗಲ್‌ಗೆ! ಅಕ್ಕಾ, ಯಾವಾಗ ಬೇಕಾದ್ರೂ ಫೋನ್ ಮಾಡು, ಪಂಚಮಿಗೆ ಒಯ್ಯೂದು ನನ್ನ ಜವಾಬ್ದಾರಿ ಅಂದಿದ್ದ. ಅವ ಓಣಿ ಮೂಲ್ಯಾಗ ಕಾರ್ ನಿಂದರಿಸಿ ಕಾಯಾಕತ್ತಿದ್ದ. ನಾ ಇಲ್ಲಿ ಇವರ ಪ್ರಶ್ನಿಗೆ ಉತ್ತರ ಕೊಡಾಕತ್ತಿದ್ದೆ. ಅಂವನ ಹೆಸರು ಹೇಳ್ಯಾರಂತ ಪಕೀರಮ್ಮ ಹೇಳಿದಾಗಿಂದ ಒಂದು ತುತ್ತು ಇಳದಿಲ್ರಿ. ನಾ ಹೊಡದೀನಿ. ನಾನ. ಮೂರು ಮಂದಿ ಬಂದಿದ್ದು ಸುಳ್ಳು, ಪುಸ್ತಕ ಚೀಲಕ್ಕ ತುರುಕಿ ಎಲಿ ಹಾಸಿದಾಕಿನೂ ನಾನ. ಬರಕೋರಿ."

ಕನಕರಾಯ ಬರೆದುಕೊಂಡ.

ಅವಳೇ ಎದ್ದು ಸ್ಟೀಲಿನ ಡಬ್ಬಿ ತಂದಳು. ತವರಿಗೆಂದು ತುಂಬಿಟ್ಟ ಉಂಡಿಗಳ ಕೆಳಗೆ, ತಳದಲ್ಲಿ, ಬಟ್ಟೆ ಸುತ್ತಿದ ಕುಟ್ಟಾಣಿ ಇತ್ತು. ತೊಳೆದಿದ್ದಳು, ಬಟ್ಟೆಗೆ ಕಲೆ ಹತ್ತಿತ್ತು. ಪಂಚರ ಮುಂದೆ ಎರಡನೆಯ ಪಂಚನಾಮೆ ಆಯಿತು. ಈ ಸಲ ಉಂಡಿಗಳನ್ನು ಶೈಲಜಾ ತಾವೇ ಒಂದೊಂದಾಗಿ ಕನಕರಾಯನಿಗೆ ಎಣಿಸಿ ಕೊಟ್ಟರು.

ಎರಡು ಮೂವತ್ತೈದಕ್ಕೆ ಶಿವಕುಮಾರಿಯ ದಸ್ತಗಿರಿ. ಸುದ್ದಿ ತಿಳಿಸಲು ಮುದಗಲ್‌ನಲ್ಲಿದ್ದ ಅವಳ ಅಣ್ಣ ಅಮರಗುಂಡಪ್ಪನಿಗೆ ಫೋನು ಹೋಯಿತು. "ಜೋಕಾಲಿ ಕಟ್ಟಿ ನಿನ್ನಿಂದ ದಾರಿ ಕಾಯಾಕತ್ತೀನ್ರಿ," ಎಂದನವನು.

ಮೂರೂವರೆಗೆ ರಹಿಮಾನನ ವಿರುದ್ಧ ಸಾಕ್ಷ್ಯವಿಲ್ಲವೆಂದು ಕಾಗದವಾಯಿತು, ಬೀಗ ತೆರೆಯಿತು. ಸರ್ದಾರಬಿ ಮಗನ ಬೆನ್ನಿಗೆ ಎರಡು ಗುದ್ದಿದಳು, ಅದೇ ಕೈಯಿಂದ ಅವನ ಮುಖ ಒರೆಸಿದಳು. ಜೀಪಿನ ಬಳಿ ನಿಂತಿದ್ದ ಶಿವಕುಮಾರಿಯನ್ನು ಕಂಡು ನೇರ ಅವಳೆಡೆಗೆ ನುಗ್ಗಿದಳು. ಹೊಡೆದೇ ಬಿಡುತ್ತಾಳೆ ಎಂದು ಸಂಗನಬಸವ ಅಡ್ಡ ಬಂದ.

"ನಿನ್ನ ಸಲುವಾಗಿ ನನ್ನ ಮಗ ಒಂದು ದಿನ ಕಂಬಿ ಎಣಿಸ್ಯಾನ. ನಾ ಮರಿಯಂಗಿಲ್ಲ," ಎಂದಳು ಸರ್ದಾರಬಿ. ಹಲ್ಲು ಕಡಿಯುತ್ತಲೇ ಕೇಳಿದಳು: "ಊಟ ಮಾಡೀಯಿಲ್ಲೋ?"

ಶಿವಕುಮಾರಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಸರ್ದಾರಬಿ ತನ್ನ ಬುತ್ತಿಯ ಗಂಟು ಬಿಚ್ಚಿ ಅವಳ ಕೈಗೆ ರೊಟ್ಟಿ ತುರುಕಿ, ಹಿಂದಿರುಗಿ ನೋಡದೆ ನಡೆದುಬಿಟ್ಟಳು.

ಸಿದ್ದಲಿಂಗೇಶನ ಮೇಲೂ ಕೋರ್ಟಿಗೆ ವರದಿ ಹೋಯಿತು, ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ. ಆ ಶುಕ್ರವಾರ ಗೋವಾದಲ್ಲಿ ಅವನ ಕುರ್ಚಿ ಖಾಲಿ ಇತ್ತು. ಲೀಡರನ ಫೋನು ಮತ್ತೆ ಬರಲಿಲ್ಲ.

ಲಿಂಗಸುಗೂರಿನ ದಾರಿಯಲ್ಲಿ, ಜೀಪಿನ ಹಿಂದಿನ ಸೀಟಿನಲ್ಲಿ, ಶೈಲಜಾ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು ಶಿವಕುಮಾರಿಗೆ ತೋರಿಸಿದರು. ಆರನೇ ಪ್ರಶ್ನೆ: "ಪಂಚಮಿಗೆ ಹೋಗುವ ಮನಸ್ಸಿದೆಯಾ? ಇಲ್ಲ. ಸುಳ್ಳು. ಗಂಟಲು."

"ಸುಳ್ಳು ಹಿಡದೆ ಅಂತ ನಕ್ರು," ಎಂದಳು ಶಿವಕುಮಾರಿ. "ಮನಸ್ಸದ ಅಂತ ಗೊತ್ತಾತು, ಆದ್ರ ಹೋಗೂದು ಬ್ಯಾಡ, ಶುಕ್ರವಾರ ಗೋವಾದಾಗ ಆಟ ಅದ, ದಿನಾ ನಿನ್ನ ಮಾರಿ ಬೇಕು ಅಂದ್ರು. ಒಂಬತ್ತು ಪಂಚಮಿ ಹಿಂಗ ಹೋಗ್ಯಾವ್ರಿ. ಅತ್ರ ಬರಕೊಂಡ್ರು. ನಕ್ರ ಬರಕೊಂಡ್ರು. ನನಗಂತ ಒಳಗ ಒಂದೂ ಉಳೀಲಿಲ್ಲ."

ಅದರ ಕೆಳಗೆ ಏಳನೆಯದಿತ್ತು. "ನನ್ನ ಮೇಲೆ ಸಿಟ್ಟಿದೆಯಾ? ಇಲ್ಲ. ನಿಜ."

ಅವಳು ಆ ಕೊನೆಯ ಮಾತಿನ ಮೇಲೆ ಬೆರಳಿಟ್ಟಳು. "ಇದೊಂದು ಅವರಿಗೆ ಕಾಣಲಿಲ್ಲ ನೋಡ್ರಿ. ನಿಜ ಅಂತ ಬರದ್ರು. ಬರದು ಆ ಕಡಿ ಹೊಳ್ಳಿದ್ರು. ನನ್ನ ಕೈಯಾಗ ಕುಟ್ಟಾಣಿ ಇತ್ತು."

ರಸ್ತೆಯ ಬದಿಯ ಜೋಕಾಲಿಗಳು ಖಾಲಿ ತೂಗುತ್ತಿದ್ದವು. ಶೈಲಜಾ ಪುಸ್ತಕ ಮುಚ್ಚಿ ಮೊಹರಿನ ಚೀಲಕ್ಕೆ ಹಾಕಿದರು.

ಇಷ್ಟೇ ನಡೆದದ್ದು. ಬಂಡೆ ಉರುಳಿ ಬಂದಿಲ್ಲ, ನೋಡಿಕೊಳ್ಳಿ. ಇಷ್ಟು ಹೊತ್ತು ಗಂಟಲು ಒಣಗಿಸಿಕೊಂಡದ್ದಕ್ಕೆ ನಾನು ರೊಕ್ಕ ಕೇಳುವವನಲ್ಲ. ನಿಮ್ಮ ಮನೆಯಲ್ಲಿ ಪಂಚಮಿಯ ಉಂಡಿ ಇನ್ನೂ ಉಳಿದಿವೆಯಾ, ಅದೊಂದು ಹೇಳಿ ಸಾಕು. ಇಲ್ಲ ಅನ್ನುತ್ತೀರಾ? ನಿಮ್ಮ ಎಡಗಣ್ಣು ಆಗಲೇ ಅಡುಗೆಮನೆಯ ಮೇಲಿನ ಗೂಡಿನ ಕಡೆ ಹೋಗಿ ಬಂತು. ಏಳಿ, ಎರಡು ತನ್ನಿ. ಶೇಂಗಾದ್ದೊಂದು, ಎಳ್ಳಿನದೊಂದು. ಕೊಡುವಾಗ ಮಾತ್ರ ಸಿಟ್ಟಿಲ್ಲ ಅನ್ನಬೇಡಿ, ನನಗೆ ಹೆದರಿಕೆಯಾಗುತ್ತದೆ.